ಮಂಡ್ಯದ ಗದ್ದೆಯ ಲೆಕ್ಕ, ದೆಹಲಿಯ ಕಬ್ಬಿನ ದರ: ಒಂದು ಪ್ರಕರಣ ಅಧ್ಯಯನ

2025–26ರ ಸಕ್ಕರೆ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿನ ಎಫ್‌ಆರ್‌ಪಿಯನ್ನು, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರವನ್ನು, ಕ್ವಿಂಟಲಿಗೆ 355 ರೂಪಾಯಿ ಎಂದು ಗೊತ್ತುಮಾಡಿತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಅಂಕಿಯೂ ಇತ್ತು: ಕಬ್ಬು ಬೆಳೆಯುವ ಖರ್ಚು ಕ್ವಿಂಟಲಿಗೆ 173 ರೂಪಾಯಿ, ಅಂದರೆ ಟನ್ನಿಗೆ 1,730. ಖರ್ಚಿನ ಮೇಲೆ ಶೇ. 105.2ರಷ್ಟು ಹೆಚ್ಚು ಕೊಟ್ಟಿದ್ದೇವೆ ಎಂಬ ಸರ್ಕಾರದ ಮಾತು ನಿಂತಿರುವುದು ಈ 173ರ ಮೇಲೆ. ಮಂಡ್ಯ ಕಡೆಯ ಬೆಳೆಗಾರರ ಮುಂದೆ ಈ ಅಂಕಿ ಇಟ್ಟರೆ "ಇದು ಯಾರ ಗದ್ದೇಲಿ ಬೆಳೆದ ಕಬ್ಬು?" ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ಕೇಳಲೇಬೇಕಾದ ಪ್ರಶ್ನೆ ಅದು, ಉತ್ತರವೂ ಇದೆ. ಆ ಅಂಕಿ ಹುಟ್ಟುವುದು ಹಳ್ಳಿಯ ಜಗಲಿಯಲ್ಲಿ, ವಿಶ್ವವಿದ್ಯಾಲಯದ ಕ್ಷೇತ್ರ ಸಹಾಯಕನ ಪುಸ್ತಕದಲ್ಲಿ. ಯಾವುದನ್ನು ಖರ್ಚು ಎಂದು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅರ್ಥಶಾಸ್ತ್ರದ ಪ್ರಾಧ್ಯಾಪಕರು ಎಪ್ಪತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ಸಮಾಜ ವಿಜ್ಞಾನದ ಸಂಶೋಧನೆ ರಾಷ್ಟ್ರೀಯ ನೀತಿಯೊಳಗೆ ಹೇಗೆ ಇಳಿಯುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂದು ನೋಡಲು ಮಂಡ್ಯದ ಕಬ್ಬಿಗಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಪ್ರಕರಣದ ನೆಲ

ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಇರ್ವಿನ್ ನಾಲೆ ಎಂದು ಮೊದಲು ಕರೆಸಿಕೊಂಡು ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ವಿ.ಸಿ. ನಾಲೆ ಮಂಡ್ಯ ಸೀಮೆಯ ರಾಗಿ ಹೊಲಗಳನ್ನು ಭತ್ತ, ಕಬ್ಬಿನ ಗದ್ದೆಗಳಾಗಿ ಮಾಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು; ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತಿದ್ದರು. ಕೃಷಿ ವಿಶ್ವವಿದ್ಯಾಲಯದ ವಿ.ಸಿ. ಫಾರಂ ಇಲ್ಲಿಯೇ ಇದೆ. ಸಿಒ 62175 ಇಲ್ಲಿ ದಶಕಗಳ ಕಾಲ ಮನೆಮಾತಾಗಿದ್ದ ತಳಿ. ವಿಸಿಎಫ್ 0517 ಈ ಫಾರಂನಿಂದಲೇ ಬಂದದ್ದು.

ಇಲ್ಲಿಯ ಕಬ್ಬಿಗೆ ಎರಡು ಬಾಗಿಲು: ಒಂದು ಕಾರ್ಖಾನೆ, ಇನ್ನೊಂದು ಬೆಲ್ಲ ಮಾಡುವ ಆಲೆಮನೆ. ಬೆಳಗಾವಿ, ಬಾಗಲಕೋಟೆ ಕಡೆಗೆ ಹೋಲಿಸಿದರೆ ಇಲ್ಲಿಯ ಕಬ್ಬಿನಲ್ಲಿ ಸಕ್ಕರೆ ಇಳುವರಿ, ಅಂದರೆ ನೂರು ಕಿಲೋ ಕಬ್ಬಿಗೆ ಸಿಗುವ ಸಕ್ಕರೆ, ಕಡಿಮೆ. ನಾಲೆಗೆ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ ಬಿಟ್ಟು ನಿಲ್ಲಿಸಿ, ಅಣೆಕಟ್ಟೆಯಲ್ಲಿ ಎಷ್ಟಿದೆ ಎಂದು ನೋಡಿಕೊಂಡು. ಹಿಡುವಳಿಗಳು ಸಣ್ಣವು, ಮನೆಮಂದಿ ಗದ್ದೆಗಿಳಿದೇ ಇಳಿಯುತ್ತಾರೆ. ಮುಂದಿನ ಲೆಕ್ಕದಲ್ಲಿ ಈ ಒಂದೊಂದು ಸಂಗತಿಯೂ ಎದುರಾಗುತ್ತದೆ.

ಲೆಕ್ಕ ಬರೆಯುವ ವ್ಯವಸ್ಥೆ ಬಂದ ದಾರಿ

1954–55ರಲ್ಲಿ ಕೇಂದ್ರ ಸರ್ಕಾರ ಕೆಲವು ರಾಜ್ಯಗಳಲ್ಲಿ ಬೇಸಾಯ ನಿರ್ವಹಣೆಯ ಅಧ್ಯಯನಗಳನ್ನು ಆರಂಭಿಸಿತು. ಹಳ್ಳಿಯಲ್ಲಿ ಉಳಿದು ದಿನದಿನದ ಲೆಕ್ಕ ಬರೆಯುವುದು ವಾಸಿಯೋ, ವರ್ಷದ ಕೊನೆಗೆ ಹೋಗಿ ನೆನಪಿನಿಂದ ಕೇಳಿ ಬರೆಯುವುದು ಸಾಕೋ ಎಂಬ ಪರೀಕ್ಷೆಯೂ ಅದರೊಳಗಿತ್ತು. ಆ ಅಂಕಿಗಳನ್ನು ಇಟ್ಟುಕೊಂಡು 1962ರಲ್ಲಿ ಅಮರ್ತ್ಯ ಸೇನ್ ಮೂರು ಸಂಗತಿಗಳನ್ನು ಎತ್ತಿ ತೋರಿಸಿದರು. ಮನೆಯವರ ದುಡಿಮೆಗೆ ಚಾಲ್ತಿ ಕೂಲಿ ಕಟ್ಟಿದರೆ ದೇಶದ ಬಹುಪಾಲು ಬೇಸಾಯ ನಷ್ಟದಲ್ಲಿ ಕಾಣುತ್ತದೆ. ಹಿಡುವಳಿ ದೊಡ್ಡದಾದಂತೆ ಲಾಭ ಹೆಚ್ಚಾಗಿ ಕಾಣುತ್ತದೆ. ಆದರೆ ಎಕರೆವಾರು ಹುಟ್ಟುವಳಿ ಸಣ್ಣ ಹಿಡುವಳಿಯಲ್ಲೇ ಹೆಚ್ಚು. ಭೂಸುಧಾರಣೆಯ ಚರ್ಚೆಗೆ ಇದರಿಂದ ಬಲ ಬಂತು. ನಮ್ಮ ಪ್ರಕರಣಕ್ಕೆ ಮುಖ್ಯವಾದುದು ಮೊದಲನೆಯ ಸಂಗತಿ. ಮನೆಯವರ ದುಡಿಮೆಯನ್ನು ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಅದೇ ಗದ್ದೆ ಲಾಭದ್ದೂ ಆಗಬಹುದು, ನಷ್ಟದ್ದೂ ಆಗಬಹುದು.

ಮುಂದಿನ ಮೆಟ್ಟಿಲುಗಳನ್ನು ಚುಟುಕಾಗಿ ಹೇಳಬಹುದು. 1965ರ ಜನವರಿಯಲ್ಲಿ, ಬೆಳೆಗಳ ಬೆಲೆಯನ್ನು ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವ ಕೃಷಿ ಬೆಲೆಗಳ ಆಯೋಗ ಬಂತು. ಮೊದಲ ಅಧ್ಯಕ್ಷ ಎಂ.ಎಲ್. ದಾಂತವಾಲಾ ಮುಂಬೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರು. 1970–71ರಲ್ಲಿ ಬೇಸಾಯದ ಖರ್ಚಿನ ಸಮಗ್ರ ಯೋಜನೆ ಶುರುವಾಯಿತು. ಅದರ ಲೆಕ್ಕ ಬರೆಯುವ ಹೊಣೆಯನ್ನು ರಾಜ್ಯಗಳಲ್ಲಿ ಹೆಚ್ಚಾಗಿ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಅರ್ಥಶಾಸ್ತ್ರ ವಿಭಾಗಗಳೇ ಹೊತ್ತಿವೆ. 1985ರಲ್ಲಿ ಆಯೋಗದ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂದಾಯಿತು. ಕರ್ನಾಟಕ 2014ರಲ್ಲಿ ತನ್ನದೇ ಕೃಷಿ ಬೆಲೆ ಆಯೋಗ ಮಾಡಿಕೊಂಡಿತು. ಅದರ ಮೊದಲ ಅಧ್ಯಕ್ಷ ಪ್ರಕಾಶ್ ಕಮ್ಮರಡಿ ಅವರೂ ಕೃಷಿ ವಿಶ್ವವಿದ್ಯಾಲಯದಿಂದಲೇ ಬಂದವರು.

ಹಿಡುವಳಿ ಆರಿಸುವುದು

ಸಮಗ್ರ ಯೋಜನೆಯಲ್ಲಿ ಲೆಕ್ಕ ಬರೆಯುವ ಹಿಡುವಳಿಗಳ ಆಯ್ಕೆ ಮೂರು ಹಂತದ್ದು: ಮೊದಲು ತಾಲ್ಲೂಕು, ಆಮೇಲೆ ಒಂದು ಹಳ್ಳಿ ಅಥವಾ ಅಕ್ಕಪಕ್ಕದ ಹಳ್ಳಿಗಳ ಗುಂಪು, ಕೊನೆಗೆ ಹಿಡುವಳಿ. ಗುಂಪಿನ ಎಲ್ಲ ಸಾಗುವಳಿದಾರರ ಪಟ್ಟಿ ಮಾಡಿ ಐದು ಗಾತ್ರಗಳಲ್ಲಿ ವಿಂಗಡಿಸುತ್ತಾರೆ: 1 ಹೆಕ್ಟೇರಿಗಿಂತ ಕಡಿಮೆ, 1ರಿಂದ 2, 2ರಿಂದ 4, 4ರಿಂದ 6, ಅದಕ್ಕೂ ಮೇಲೆ. ಒಂದೊಂದು ಗಾತ್ರದಿಂದ ಇಬ್ಬರಂತೆ ಒಟ್ಟು 10 ಮಂದಿ. ಮೂರು ವರ್ಷ ಅವರದೇ ಲೆಕ್ಕ ನಡೆಯುತ್ತದೆ, ಆಮೇಲೆ ಹೊಸ ಆಯ್ಕೆ.

ಮಂಡ್ಯದಂಥ ಕಡೆ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಬಹುಪಾಲು ಹಿಡುವಳಿಗಳು ಒಂದೆರಡು ಎಕರೆಯವು. ಹದಿನೈದು ಎಕರೆ, ಅಂದರೆ 6 ಹೆಕ್ಟೇರ್ ಮೀರಿದವರನ್ನು ಹುಡುಕುವುದೇ ಪ್ರಯಾಸ. ಹುಡುಕಿ ಇಬ್ಬರನ್ನು ಹಾಕಿಕೊಂಡರೆ ಹತ್ತು ಮಂದಿಯಲ್ಲಿ ದೊಡ್ಡವರ ಪಾಲು ಊರಿನಲ್ಲಿ ಇರುವುದಕ್ಕಿಂತ ಬಹಳ ಹೆಚ್ಚಾಗುತ್ತದೆ. ಒಟ್ಟು ಮಾಡುವಾಗ ಪ್ರತಿ ಗಾತ್ರಕ್ಕೂ ಅದರದರ ತೂಕ ಕೊಟ್ಟು ಇದನ್ನು ಸರಿಪಡಿಸುತ್ತಾರೆ. ಆ ತೂಕ ಬರುವುದು ಮೊದಲ ದಿನ ಮಾಡಿದ ಪಟ್ಟಿಯಿಂದ. ಪಹಣಿಯಲ್ಲಿ ಅಪ್ಪನ ಹೆಸರಲ್ಲೇ ಉಳಿದಿರುವ ಐದು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಬೇರೆಬೇರೆ ಮಾಡುತ್ತಿದ್ದರೆ ಅದು ಮೂರು ಹಿಡುವಳಿ. ಪಹಣಿ ನೋಡಿ ಒಂದು ಎಂದು ಬರೆದರೆ ಗಾತ್ರದ ವರ್ಗವೇ ತಪ್ಪುತ್ತದೆ. ಒಲೆ ಎಷ್ಟು, ಎತ್ತು ಯಾರದು, ಸಾಲ ಯಾರ ತಲೆಯ ಮೇಲೆ ಎಂದು ಕೇಳಿಯೇ ಪಟ್ಟಿ ಮಾಡಬೇಕು.

ಅಳತೆಯದೂ ಒಂದು ಮಾತು. ಬಾಯಲ್ಲಿ "ಒಂದೂವರೆ ಎಕರೆ" ಎಂದದ್ದು ಬದು, ಖರಾಬು, ಕಾಲುವೆ ಕಳೆದರೆ 1 ಎಕರೆ 12 ಗುಂಟೆಯೇ ಆಗಿರಬಹುದು. 60 ಗುಂಟೆ ಎಂದು ಬರೆದ ಖರ್ಚನ್ನು 52ಕ್ಕೆ ಹಂಚಿದರೆ ಎಕರೆವಾರು ಖರ್ಚು ಶೇ. 15ರಷ್ಟು ಏರುತ್ತದೆ. ಕಬ್ಬನ್ನು ತೂಗಿದ್ದರೆ ಟನ್ನಿನ ಖರ್ಚಿಗೆ ಇದರಿಂದ ಹೆಚ್ಚು ಬಾಧೆಯಿಲ್ಲ, ವಿಸ್ತೀರ್ಣ ಎರಡು ಕಡೆಯೂ ಹೊಡೆದುಹೋಗುತ್ತದೆ. ಎಕರೆಗೆ ಇಷ್ಟು ಎಂದು ಕಟ್ಟುವ ಭೂಮಿಯ ಗೇಣಿಯಲ್ಲಿ ಮಾತ್ರ ತಪ್ಪು ಹಾಗೆಯೇ ಉಳಿಯುತ್ತದೆ.

ಸಂಜೆಯ ಪುಸ್ತಕ

ಕ್ಷೇತ್ರ ಸಹಾಯಕ ಆ ಹಳ್ಳಿಯಲ್ಲೋ ಪಕ್ಕದಲ್ಲೋ ಇರಬೇಕು ಎಂಬುದು ಯೋಜನೆಯ ಮೂಲ ಕರಾರು. ಅವನು ಬರೆಯುವುದು ಗಂಟೆಗಳನ್ನು: ಯಾವ ಗದ್ದೆ, ಯಾವ ಕೆಲಸ, ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು, ಕೂಲಿಯವರೋ ಮನೆಯವರೋ, ಎಷ್ಟು ಗಂಟೆ. ಜೊತೆಗೆ ಎತ್ತು, ಟ್ರ್ಯಾಕ್ಟರ್, ಗೊಬ್ಬರದ ಮೂಟೆ, ಔಷಧಿ, ನೀರು.

ಕೂಲಿ ಆಳಿನ ಲೆಕ್ಕ ತಪ್ಪುವುದಿಲ್ಲ, ದುಡ್ಡು ಕೈಬಿಟ್ಟಿರುತ್ತದೆ. ತಪ್ಪುವುದು ಮನೆಯವರದು. ಜಗಲಿಯ ಮೇಲೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಗೌಡ್ರೆ, ಇವತ್ತು ಕಳೆ ತೆಗೆಯಕ್ಕೆ ಎಷ್ಟು ಆಳು?"

"ನಾಕಾಳು ಸಾ. ಎಲ್ಲಾ ಹೆಣ್ಣಾಳು."

"ಮನೇವ್ರು?"

"ಮನೇವ್ರು ಇದ್ದೇ ಇರ್ತಾರೆ. ಅವರ್ಗೆ ಯಾರ್ ಕೂಲಿ ಕೊಡ್ತಾರೆ? ಅದ್ನೂ ಬರ್ಕತೀರಾ?"

ಇಲ್ಲಿ ಪುಸ್ತಕ ಮುಚ್ಚಿದವನು ಒಂದು ಆಳಿನ ದಿನವನ್ನು ರಾಷ್ಟ್ರೀಯ ಲೆಕ್ಕದಿಂದ ತೆಗೆದುಹಾಕಿದ ಹಾಗೆ. ಬಲ್ಲವನು ಒಳಬಾಗಿಲಿನ ಕಡೆ ತಿರುಗಿ, "ಅಕ್ಕಾ, ಎಷ್ಟೊತ್ತಿಗೆ ಗದ್ದೆಗೆ ಹೋಗಿದ್ರಿ? ಹಾಲು ಕರೆಯೋ ಹೊತ್ತಿಗೆ ಬಂದ್ರಾ?" ಎಂದು ಕೇಳುತ್ತಾನೆ. ಹೆಂಗಸರ ದಿನ ಹಾಲು, ಅಡುಗೆ, ಮಕ್ಕಳ ಶಾಲೆಯ ಹೊತ್ತುಗಳ ನಡುವೆ ಹರಿದುಹೋಗಿರುತ್ತದೆ. ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನದ ಮೇಲೆ ಎರಡೂವರೆ. "ಎಷ್ಟು ದಿನ ದುಡಿದಿರಿ" ಎಂದರೆ ಸೊನ್ನೆ ಎಂದೇ ಉತ್ತರ. ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಬಂದಿರಿ ಎಂದರೆ ನಾಲ್ಕೂವರೆ ಗಂಟೆ, ಅಂದರೆ ಎಂಟು ಗಂಟೆಯ ದಿನದಲ್ಲಿ ಅರ್ಧಕ್ಕೂ ಮೇಲೆ. ಆಳು ಕಾಯುವುದು, ಆಳಿಗೆ ಊಟ ಹೊತ್ತು ತರುವುದು, ರಾತ್ರಿ ನೀರು ಕಟ್ಟುವುದು ಇವೂ ಹೀಗೆಯೇ ಜಾರುತ್ತವೆ. ಕಟ್ಟು ಪದ್ಧತಿಯಲ್ಲಿ ನೀರು ಬರುವುದು ಎಷ್ಟೋ ಸಲ ನಡುರಾತ್ರಿ. ರಾತ್ರಿ ಹನ್ನೊಂದರಿಂದ ಮೂರರವರೆಗೆ ಗದ್ದೆಯಲ್ಲಿ ನಿಂತವನು ಮರುದಿನ ಸಂಜೆ ಅದನ್ನು ಕೆಲಸ ಎಂದು ಹೇಳುವುದೇ ಇಲ್ಲ. ನೀರಿನ ಸರದಿ ಬಂದ ದಿನಗಳನ್ನು ನೀರುಗಂಟಿಯಿಂದ ತಿಳಿದುಕೊಂಡು ಆ ದಿನಗಳಲ್ಲಿ ಪ್ರತ್ಯೇಕವಾಗಿ ಕೇಳುವುದೊಂದೇ ದಾರಿ.

ಮುಯ್ಯಾಳಿನ ವಿಷಯ ಇನ್ನೂ ನಾಜೂಕು. ಇವರ ಗದ್ದೆಗೆ ಅವರು ಬಂದರು, ಅವರ ಗದ್ದೆಗೆ ಇವರು ಹೋದರು, ದುಡ್ಡು ಕೈ ಬದಲಾಗಲಿಲ್ಲ. ಇಲ್ಲಿಗೆ ಬಂದ ಮುಯ್ಯಾಳಿನ ಗಂಟೆಗಳನ್ನು ಈ ಗದ್ದೆಯ ಮೇಲೆ ಬರೆಯಲೇಬೇಕು. ಈ ಮನೆಯವರು ಹೊರಗೆ ಹೋಗಿ ತೀರಿಸಿದ ಮುಯ್ಯಿಯನ್ನು ಇಲ್ಲಿ ಮತ್ತೆ ಬರೆದರೆ ಎರಡು ಸಲವಾಗುತ್ತದೆ.

ಬಾಯಿಗೆ ಬಾರದ ಗುತ್ತಿಗೆ

ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿ ಕಾನೂನಿನಲ್ಲಿ ಇಲ್ಲ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಊರಿನಲ್ಲಿ ಮಾತ್ರ ಗುತ್ತಿಗೆ, ವಾರ (ಬೆಳೆಯಲ್ಲಿ ಪಾಲು), ಭೋಗ್ಯ ಎಲ್ಲವೂ ಇವೆ, ಬಾಯಿಮಾತಿನ ಮೇಲೆ ನಡೆಯುತ್ತವೆ. ಜಮೀನಿನ ಯಜಮಾನ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೌಕರಿಯಲ್ಲಿರುತ್ತಾನೆ, ಮಾಡುವವನು ಪಕ್ಕದ ಮನೆಯವನು. ಸರ್ಕಾರದ ಪುಸ್ತಕ ಹಿಡಿದು ಬಂದವನ ಮುಂದೆ "ಗುತ್ತಿಗೆಗೆ ಮಾಡ್ತಿದೀನಿ" ಎಂದರೆ ಮುಂದಿನ ವರ್ಷ ಜಮೀನು ಸಿಗದು ಎಂಬ ಭಯ ಮಾಡುವವನಿಗೆ, ಜಮೀನೇ ಕೈಬಿಟ್ಟೀತು ಎಂಬ ಭಯ ಯಜಮಾನನಿಗೆ. ಹಾಗಾಗಿ "ನಮ್ದೇ" ಎಂಬ ಉತ್ತರ ಬರುತ್ತದೆ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಖರ್ಚಿನ ಪದರಗಳನ್ನು ನೋಡಬೇಕು. ಎ1 ಎಂದರೆ ಕೈಯಿಂದ ಹೋದ ಖರ್ಚು: ಕೂಲಿ, ಎತ್ತು, ಯಂತ್ರ, ಬಿತ್ತನೆ, ಗೊಬ್ಬರ, ಔಷಧಿ, ನೀರು, ಕಂದಾಯ, ಸಲಕರಣೆಯ ಸವಕಳಿ, ದುಡಿಮೆ ಬಂಡವಾಳದ (ಬೆಳೆಗೆ ಹಾಕಿದ ಕೈಹಣದ) ಬಡ್ಡಿ. ಸ್ವಂತ ಎತ್ತು, ಸ್ವಂತ ಕೊಟ್ಟಿಗೆ ಗೊಬ್ಬರಕ್ಕೂ ಬೆಲೆ ಕಟ್ಟಿ ಇದರಲ್ಲೇ ಸೇರಿಸುತ್ತಾರೆ. ಅದಕ್ಕೆ ಗುತ್ತಿಗೆ ಹಣ ಸೇರಿದರೆ ಎ2. ಅದಕ್ಕೆ ಮನೆಯವರ ದುಡಿಮೆ ಸೇರಿದರೆ ಎ2 ಮತ್ತು ಎಫ್‌ಎಲ್. ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ಸಿ2. ಸರ್ಕಾರ ದರದ ಜೊತೆ ಹೋಲಿಸಿ ಹೇಳುವ 173 ರೂಪಾಯಿ ಎ2 ಮತ್ತು ಎಫ್‌ಎಲ್. ಗುತ್ತಿಗೆಯನ್ನು ಮುಚ್ಚಿಟ್ಟರೆ ಅದು ಎ2ನಲ್ಲಿ ಬರುವುದಿಲ್ಲ. ಭೂಮಿ ಸ್ವಂತದ್ದು ಎಂದು ದಾಖಲಾಗಿ ಸಿ2ನಲ್ಲಿ ಮಾತ್ರ ಗೇಣಿಯ ರೂಪದಲ್ಲಿ ಕಾಣುತ್ತದೆ, ಅದೂ ರಾಜ್ಯದ ಕಾನೂನಿನ ನ್ಯಾಯಬದ್ಧ ಗೇಣಿಯ ಮಿತಿಯೊಳಗೆ. ಜೇಬಿನಿಂದ ನಿಜವಾಗಿ ಕೊಟ್ಟ ಹಣ ದರ ಹೋಲಿಸುವ ಅಂಕಿಯಿಂದ ಹೊರಗೆ ಬೀಳುತ್ತದೆ. ರೈತರ ಪರವಾಗಿ ಮಾಡಿದ ಒಂದು ಕಾನೂನು ಇನ್ನೊಂದು ಕಡೆ ಅತ್ಯಂತ ಬಡ ಸಾಗುವಳಿದಾರನ ಖರ್ಚನ್ನು ಕಾಣದಂತೆ ಮಾಡುತ್ತಿದೆ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಗಂಭೀರವಾದ ಸೋರಿಕೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಒಂದು ಎಕರೆಯ ಉದಾಹರಣೆ

ಲೆಕ್ಕದ ದಾರಿ ತಿಳಿಯಲೆಂದು ಸುತ್ತಂಕಿಗಳನ್ನು ಇಟ್ಟುಕೊಳ್ಳೋಣ. ಇವು ಯಾವ ಸಮೀಕ್ಷೆಯ ಫಲಿತಾಂಶವೂ ಅಲ್ಲ. ಒಂದು ಎಕರೆ ತನಿ ಕಬ್ಬು (ಹೊಸದಾಗಿ ನೆಟ್ಟದ್ದು), ಇಳುವರಿ 40 ಟನ್. ಉಳುಮೆ ಮತ್ತು ಸಾಲು 8,000. ಬಿತ್ತನೆ ಕಬ್ಬು 10,000. ಗೊಬ್ಬರ 14,000. ನಾಟಿ, ಕಳೆ, ಮಣ್ಣು ಏರಿಸುವುದು, ತರಗು ಸುಲಿಯುವುದಕ್ಕೆ ಕೂಲಿ 16,000. ಔಷಧಿ, ನೀರು, ಕಂದಾಯ, ಸವಕಳಿ ಸೇರಿ 4,000. ಬಡ್ಡಿ 3,000. ಎ1 ಒಟ್ಟು 55,000. ಕಟಾವು ಮತ್ತು ಸಾಗಣೆಯನ್ನು ಬೇರೆ ಇಟ್ಟಿದ್ದೇವೆ, ಹಾಗಾಗಿ ಇದನ್ನು 1,730ರ ಪಕ್ಕಕ್ಕೆ ನೇರವಾಗಿ ಇಡಬಾರದು.

ಮನೆಯವರ ದುಡಿಮೆ 45 ದಿನ, ದಿನಕ್ಕೆ 500ರಂತೆ 22,500. ಗುತ್ತಿಗೆ 15,000. ಎಲ್ಲವನ್ನೂ ಸರಿಯಾಗಿ ಬರೆದರೆ ಗುತ್ತಿಗೆದಾರನ ಎ2 ಮತ್ತು ಎಫ್‌ಎಲ್ 92,500. ಟನ್ನಿಗೆ 2,312 ರೂಪಾಯಿ 50 ಪೈಸೆ. ಗುತ್ತಿಗೆ ಮುಚ್ಚಿಹೋಯಿತು, ಮನೆಯ ಹೆಂಗಸಿನ 20 ದಿನ ಬರೆಯಲಿಲ್ಲ ಎಂದುಕೊಳ್ಳಿ. 55,000ಕ್ಕೆ 25 ದಿನದ 12,500 ಸೇರಿ 67,500. ಟನ್ನಿಗೆ 1,687 ರೂಪಾಯಿ 50 ಪೈಸೆ. ಅದೇ ಗದ್ದೆ, ಅದೇ ಕಬ್ಬು. ಎರಡು ಪ್ರಶ್ನೆ ಕೇಳದೆ ಇದ್ದದ್ದಕ್ಕೆ ಟನ್ನಿಗೆ 625 ರೂಪಾಯಿ ಕಾಣೆಯಾಯಿತು.

ಈಗ ದರದ ಕಡೆ ನೋಡಿ. 2025–26ರ ಹಂಗಾಮಿನ 355 ರೂಪಾಯಿ ಇರುವುದು ಶೇ. 10.25 ಸಕ್ಕರೆ ಇಳುವರಿಗೆ. ಅದಕ್ಕಿಂತ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು ಅಥವಾ ಕಡಿಮೆ. ಶೇ. 9.5ಕ್ಕಿಂತ ಕೆಳಗಿನ ಕಾರ್ಖಾನೆಗಳಿಗೆ ಕಡಿತ ನಿಂತು 329 ರೂಪಾಯಿ 5 ಪೈಸೆ ಸಿಗಬೇಕು. ಟನ್ನಿಗೆ 3,290 ರೂಪಾಯಿ 50 ಪೈಸೆ. ಇದು ಕಾರ್ಖಾನೆ ಬಾಗಿಲಿನ ಬೆಲೆ. ಕಟಾವು, ಸಾಗಣೆಯನ್ನು ಇದರಲ್ಲೇ ಮುರಿದುಕೊಳ್ಳುತ್ತಾರೆ. ಅದು ಟನ್ನಿಗೆ 800 ಎಂದಿಟ್ಟುಕೊಂಡರೆ ಗುತ್ತಿಗೆದಾರನ ಕೈಗೆ 2,490 ರೂಪಾಯಿ 50 ಪೈಸೆ. ಅವನ ನಿಜವಾದ ಖರ್ಚು ಕಳೆದರೆ ಉಳಿಯುವುದು 178 ರೂಪಾಯಿ. ಸೋರಿದ ಲೆಕ್ಕದಲ್ಲಿ ಉಳಿದಂತೆ ಕಾಣುವುದು 803. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾಗಿ ಬಂದ ಹಣಕ್ಕೆ ರೈತ ಹೊರಗೆ ಕಟ್ಟಿದ ಕೈಸಾಲದ ಬಡ್ಡಿ ಮಾತ್ರ ಬೆಳೆಯ ಖರ್ಚಿನ ಕಾಲಂನಲ್ಲಿ ಬರುವುದೇ ಇಲ್ಲ.

ಕೂಳೆ, ಆಲೆಮನೆ, ಒಣ ನಾಲೆ

ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಉಳುಮೆಯೂ ಇಲ್ಲ, ಬಿತ್ತನೆಯೂ ಇಲ್ಲ. ಸ್ವಂತ ಭೂಮಿಯ ತನಿ ಕಬ್ಬಿನ ಖರ್ಚು (55,000ಕ್ಕೆ ಮನೆಯವರ 22,500 ಸೇರಿ) 77,500 ಇದ್ದರೆ ಕೂಳೆಯದು 59,500ಕ್ಕೆ ಇಳಿಯುತ್ತದೆ. ಇಳುವರಿ 34 ಟನ್ ಬಂದರೂ ಟನ್ನಿಗೆ 1,750 ಆಯಿತು. ತನಿಯದು 1,937 ರೂಪಾಯಿ 50 ಪೈಸೆ. ಆಯ್ಕೆಯಾದ ಹತ್ತು ಮನೆಗಳಲ್ಲಿ ಆ ವರ್ಷ ಕೂಳೆ ಹೆಚ್ಚಿದ್ದರೆ ಜಿಲ್ಲೆಯ ಕಬ್ಬೇ ಅಗ್ಗವಾಗಿ ಕಾಣುತ್ತದೆ. ನಾಟಿಯ ಖರ್ಚು ಕೂಳೆಯನ್ನೂ ಹುಟ್ಟಿಸಿದೆಯಲ್ಲ, ಅದನ್ನು ತನಿ ಮತ್ತು ಕೂಳೆಗಳ ನಡುವೆ ಹಂಚುವುದು ನ್ಯಾಯ. ಎಷ್ಟು ಕೂಳೆ ಬಿಡುತ್ತಾರೆ ಎಂಬುದನ್ನು ಮೂರು ವರ್ಷ ಒಂದೇ ಗದ್ದೆಯ ಬೆನ್ನು ಹತ್ತಿಯೇ ತಿಳಿಯಬೇಕು. ಮೂರು ವರ್ಷದ ಅವಧಿ ಕಬ್ಬಿಗೆ ನಿಜವಾಗಿ ಉಪಕಾರ ಮಾಡುವುದು ಇಲ್ಲಿ.

ಆಲೆಮನೆಗೆ ಹೋದ ಕಬ್ಬಿಗೆ ಎಫ್‌ಆರ್‌ಪಿ ಅನ್ವಯಿಸುವುದಿಲ್ಲ. ಬೆಲ್ಲದ ಬೆಲೆ ಏರಿದಾಗ ಕಬ್ಬು ಆ ಕಡೆ ಓಡುತ್ತದೆ. ದರ ಮಾತಿನ ಮೇಲೆ, ದುಡ್ಡು ಬೇಗ, ಕಡಿಯುವ ಆಳುಗಳು ಎಷ್ಟೋ ಸಲ ಆಲೆಮನೆಯವರದೇ. ಹಾಗಾಗಿ ಆ ಬೆಲೆ ಕಟಾವು ಕಳೆದ ಬೆಲೆ, ಕಾರ್ಖಾನೆಯದು ಕಟಾವು ಕಳೆಯದ ಬೆಲೆ. "ಟನ್ನಿಗೆ ಎಷ್ಟು ಸಿಕ್ಕಿತು" ಎಂದು ಮಾತ್ರ ಬರೆದುಕೊಂಡರೆ ಎರಡನ್ನೂ ಹೋಲಿಸುವಂತಿಲ್ಲ. ಕಡಿದವರು ಯಾರು, ಕೂಲಿ ಯಾರು ಕೊಟ್ಟರು, ತೂಕ ಎಲ್ಲಿ ಆಯಿತು ಎಂಬ ಮೂರು ಮಾತು ಜೊತೆಗಿರಬೇಕು.

ನೀರಿನದು ಕಾಲದ ತೊಡಕು. ಹಳ್ಳಿಯ ಪುಸ್ತಕ ಪರಿಶೀಲನೆಯಾಗಿ, ಕಂಪ್ಯೂಟರಿಗೆ ಏರಿ, ಕೇಂದ್ರ ಕೃಷಿ ಸಚಿವಾಲಯದ ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಸೇರುವ ಹೊತ್ತಿಗೆ ಹಂಗಾಮುಗಳೇ ಉರುಳಿರುತ್ತವೆ. ಕೇಂದ್ರದ ಆಯೋಗ ಹಳೆಯ ವರ್ಷಗಳ ಖರ್ಚನ್ನು ಕೂಲಿ, ಗೊಬ್ಬರ, ಡೀಸೆಲ್ ಬೆಲೆಗಳ ಸೂಚ್ಯಂಕದಿಂದ ಮುಂದಕ್ಕೆ ಎಳೆದು ಅಂದಾಜು ಮಾಡುತ್ತದೆ. ಬೆಲೆ ಏರಿಕೆಯನ್ನು ಹೀಗೆ ಎಳೆಯಬಹುದು. 2023ರಂತೆ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬದೆ ಗದ್ದೆ ಒಣಗಿದ ವರ್ಷವನ್ನು ಸೂಚ್ಯಂಕ ಹಿಡಿಯಲಾರದು. 40 ಟನ್ 25ಕ್ಕೆ ಇಳಿದರೆ ಅದೇ 77,500 ಖರ್ಚು ಟನ್ನಿಗೆ 3,100 ಆಗುತ್ತದೆ.

ದೆಹಲಿಯಲ್ಲಿ ನಡೆಯುವುದನ್ನು ಕಡಿಮೆ ಮಾತಿನಲ್ಲಿ ಹೇಳಬಹುದು. ರಾಜ್ಯಗಳ ಅಂಕಿಗಳಿಗೆ ತೂಕ ಕೊಟ್ಟು ರಾಷ್ಟ್ರೀಯ ಸರಾಸರಿ ಕಟ್ಟುತ್ತಾರೆ; ಅದರಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರದ ತೂಕವೇ ದೊಡ್ಡದು. ಬೆಳೆಯುವ ಖರ್ಚಿನ ಜೊತೆಗೆ ಬೇರೆ ಬೆಳೆಗಳಿಂದ ಸಿಗುವ ಆದಾಯ, ಸಕ್ಕರೆಯ ಬೆಲೆ, ಗ್ರಾಹಕರ ಹಿತ, ಸಕ್ಕರೆ ಇಳುವರಿ, ಕಾಕಂಬಿ, ಸಿಪ್ಪೆ, ಮಡ್ಡಿಯಂಥ ಉಪಉತ್ಪನ್ನಗಳ ಆದಾಯ, ರೈತರ ಅಪಾಯ ಮತ್ತು ಲಾಭದ ಅಂಶವನ್ನು ಕಬ್ಬು ನಿಯಂತ್ರಣ ಆದೇಶದ ಪ್ರಕಾರ ನೋಡಬೇಕು. ಆಯೋಗ ಶಿಫಾರಸು ಮಾಡುತ್ತದೆ, ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ ಒಪ್ಪುತ್ತದೆ.

ಪುಸ್ತಕದ ಕಾಲಂ ಕಾಣದ್ದು

ಬೇಸಾಯ ನಿರ್ವಹಣೆಯ ಅಧ್ಯಯನಗಳು ಶುರುವಾದ ಹೊತ್ತಿಗೇ, 1954ರಿಂದ 56ರವರೆಗೆ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು. ಹಳ್ಳಿಗಳ ನಿಜ ಹೆಸರು ಮರೆಮಾಡಿ ವಾಂಗಲ, ದಲೇನ ಎಂದು ಕರೆದರು. ವಾಂಗಲಕ್ಕೆ ನಾಲೆ ನೀರು ಬಂತು. ದಲೇನ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದು ಒಣಗಿಯೇ ಉಳಿಯಿತು. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಿಂದೆ ಬೀಳುತ್ತದೆ ಎಂಬುದು ಆ ಕಾಲದ ಯೋಜನೆಗಳ ನಂಬಿಕೆ. ಅವರು ಕಂಡದ್ದೇ ಬೇರೆ. ವಾಂಗಲದಲ್ಲಿ ದುಡ್ಡು ಹೆಚ್ಚಿತು, ಬೇಸಾಯ ಬೇಸಾಯವಾಗಿಯೇ ಮುಂದುವರಿಯಿತು, ಒಕ್ಕಲಿಗರಿಗೂ ದಲಿತ ಕೂಲಿಗಳಿಗೂ ನಡುವಿನ ತಲೆಮಾರುಗಳ ಆಳುತನದ ಕಟ್ಟು ಹಾಗೆಯೇ ಉಳಿಯಿತು. ದಲೇನದವರು ಪಕ್ಕದ ನೀರಾವರಿ ಊರುಗಳಲ್ಲಿ ಜಮೀನು ಕೊಂಡರು, ವ್ಯಾಪಾರಕ್ಕಿಳಿದರು, ಮಂಡ್ಯ ಪೇಟೆಯಲ್ಲಿ ಕೆಲಸ ಹಿಡಿದರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ. 1970ರಲ್ಲಿ ಮತ್ತೆ ಬಂದು ನೋಡಿದಾಗ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹೆಚ್ಚಿತ್ತು.

ಒಂದು ಚಿಕ್ಕ ಸಂಗತಿ ನೀತಿ ಮಾಡುವವರಿಗೆ ಈಗಲೂ ಬೇಕಾದುದು. 1953ರಲ್ಲಿ ಭತ್ತದ ಜಪಾನಿ ನಾಟಿ ಪದ್ಧತಿಯ ಪ್ರಚಾರ ದೇಶದಾದ್ಯಂತ ಶುರುವಾಗಿತ್ತು. ಇಳುವರಿ ಹೆಚ್ಚುತ್ತದೆ, ಆದರೆ ಸಾಲು ಹಿಡಿದು ನೆಡಲು ಶ್ರಮ ಹೆಚ್ಚು ಬೇಕು. ಊರಿನ ರೂಢಿಯಲ್ಲಿ ಆಳಿಗೆ ಸಿಗುವ ಪಡಿ (ಧಾನ್ಯದ ಕೂಲಿ) ನಿಗದಿಯಾದದ್ದು, ಬೆಳೆ ಹೆಚ್ಚಿದರೂ ಅಷ್ಟೇ, ಬರ ಬಂದರೂ ಅಷ್ಟೇ. ಹೆಚ್ಚು ಬಗ್ಗಿ ದುಡಿಯಲು ಆಳಿಗೆ ಕಾರಣವೇ ಇರಲಿಲ್ಲ. ಎಕರೆವಾರು ಲೆಕ್ಕ ಮಾತ್ರ ನೋಡುವವರಿಗೆ ರೈತ ಹೊಸದಕ್ಕೆ ಒಗ್ಗದವನಾಗಿ ಕಂಡಿರುತ್ತಾನೆ. ಊರಿನಲ್ಲಿ ಉಳಿದವರಿಗೆ ಪಡಿಯ ರೂಢಿ ಕಂಡಿತು: ಬರಗಾಲದಲ್ಲೂ ಆಳಿನ ಮನೆಯಲ್ಲಿ ಒಲೆ ಹೊತ್ತಲಿ ಎಂಬ ಭದ್ರತೆ ಅದರಲ್ಲಿತ್ತು. ದಿನದ ಲೆಕ್ಕದ ಪುಸ್ತಕ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳಲು ಇಂಥ ದೀರ್ಘ ವಾಸ ಬೇಕು. ನಮ್ಮ ವಿಭಾಗಗಳು ಈ ಎರಡನ್ನೂ ಒಂದೇ ಊರಿನಲ್ಲಿ ಒಟ್ಟಿಗೆ ನಡೆಸದೆ ಬಂದಿರುವುದು ದೊಡ್ಡ ನಷ್ಟ. ಅರ್ಥಶಾಸ್ತ್ರದವರು ಮತ್ತು ಸಮಾಜಶಾಸ್ತ್ರದವರು ಒಂದೇ ಕ್ಯಾಂಪಸ್ಸಿನಲ್ಲಿದ್ದೂ ಬೇರೆಬೇರೆ ಊರುಗಳಿಗೆ ಹೋಗುತ್ತಾರೆ.

ನಿಯಮ ಬದಲಾಗುವುದು ಹೇಗೆ

ವಿಶ್ವವಿದ್ಯಾಲಯದ ಮಾತು ನೀತಿಗೆ ಇಳಿಯುವುದು ಒಂದು ವರದಿಯಿಂದ ಅಲ್ಲ, ಲೆಕ್ಕದ ನಿಯಮದಲ್ಲಿ ಒಂದು ಸಾಲು ಬದಲಾಗುವುದರಿಂದ. ಈ ಲೆಕ್ಕದ ನಿಯಮಗಳನ್ನು ಪರಿಶೀಲಿಸಿದ 1990ರ ಸಿ.ಎಚ್. ಹನುಮಂತರಾವ್ ಸಮಿತಿ ಮನೆಯವರ ದುಡಿಮೆಗೆ ಶಾಸನಬದ್ಧ ಕೂಲಿ ಅಥವಾ ಪೇಟೆ ಕೂಲಿ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು ಎಂದಿತು. ರಮೇಶ್ ಚಂದ್ ಸಮಿತಿ 2015ರಲ್ಲಿ ಮನೆಯ ಯಜಮಾನನ ದುಡಿಮೆಯನ್ನು ನುರಿತ ಕೆಲಸಗಾರನದೆಂದು ಎಣಿಸಬೇಕು, ಗೇಣಿಯನ್ನು ಚಾಲ್ತಿ ದರದಲ್ಲೇ ತೆಗೆದುಕೊಳ್ಳಬೇಕು, ದುಡಿಮೆ ಬಂಡವಾಳಕ್ಕೆ ಅರ್ಧ ಅವಧಿಯ ಬದಲು ಪೂರ್ತಿ ಅವಧಿಯ ಬಡ್ಡಿ ಕಟ್ಟಬೇಕು ಎಂದಿತು. ಹನ್ನೆರಡು ತಿಂಗಳ ಬೆಳೆಯಾದ ಕಬ್ಬಿಗೆ ಈ ಕೊನೆಯ ಸಾಲು ಸಣ್ಣದಲ್ಲ: ನಮ್ಮ ಉದಾಹರಣೆಯ 3,000 ಬಡ್ಡಿ 6,000 ಆಗುತ್ತದೆ, ಟನ್ನಿಗೆ 75 ರೂಪಾಯಿ.

ಇಂಥ ಸಾಲುಗಳಿಗೆ ಆಧಾರ ಒದಗಿಸುವುದು ಮೈಸೂರು, ಮಂಡ್ಯದ ಸ್ನಾತಕೋತ್ತರ ವಿಭಾಗಗಳ ಕೈಯಲ್ಲಿರುವ ಕೆಲಸ. ಕೆಆರ್‌ಎಸ್‌ಗೆ ಹತ್ತಿರದ ಮೇಲುನಾಲೆಯ ಒಂದು ಊರು, ನೀರು ತಡವಾಗಿ ತಲುಪುವ ಮದ್ದೂರು, ಮಳವಳ್ಳಿ ಕಡೆಯ ಒಂದು ಊರು ಆರಿಸಿಕೊಂಡು, ಪ್ರತಿ ಊರಿನಲ್ಲಿ 20 ಮನೆ, ಒಂದು ತನಿ ಮತ್ತು ಎರಡು ಕೂಳೆ ಮುಗಿಯುವವರೆಗೆ ಲೆಕ್ಕ ಬರೆಯಬೇಕು. ಗುತ್ತಿಗೆಯನ್ನು "ಈ ಜಮೀನು ಯಾರದು" ಎಂದು ಕೇಳಬಾರದು. "ಈ ಊರಲ್ಲಿ ಇಂಥ ಗದ್ದೆ ಎಕರೆಗೆ ವರ್ಷಕ್ಕೆ ಎಷ್ಟಕ್ಕೆ ಹೋಗುತ್ತೆ" ಎಂದು ಊರಿನ ಹತ್ತಾರು ಜನರನ್ನು ಬೇರೆಬೇರೆಯಾಗಿ ಕೇಳಿದರೆ ಯಾರೂ ಹೆದರುವುದಿಲ್ಲ, ಚಾಲ್ತಿ ದರ ಸಿಗುತ್ತದೆ. ಯಾರು ಯಾರ ಜಮೀನು ಮಾಡುತ್ತಾರೆ ಎಂಬುದನ್ನು ಗದ್ದೆಯ ಸಂಖ್ಯೆಗೆ ಕಟ್ಟಿ, ಹೆಸರಿನ ಪಟ್ಟಿಯನ್ನು ವಿಭಾಗದ ಬೀರುವಿನಿಂದ ಹೊರಗೆ ಬಿಡಬಾರದು. ಹೆಂಗಸರ ಗಂಟೆ ಬರೆಯಲು ಪ್ರತಿ ಊರಿಗೆ ಒಬ್ಬ ಹೆಣ್ಣುಮಗಳಾದರೂ ಕ್ಷೇತ್ರ ಸಹಾಯಕಿಯಾಗಿ ಇರಬೇಕು, ವಾರಕ್ಕೆ ಎರಡು ಸಲ ಬೆಳಗಿನ ಹಾಲಿನ ಹೊತ್ತು ಮುಗಿದ ಮೇಲೆ ಹೋಗಬೇಕು. ಕಾರ್ಖಾನೆಯ ತೂಕದ ಚೀಟಿ, ಆಲೆಮನೆಯ ಲೆಕ್ಕ ಎರಡನ್ನೂ ಅದೇ ದಿನ ನಕಲು ಮಾಡಿಕೊಳ್ಳಬೇಕು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಪ್ರತಿ ಹಂಗಾಮಿಗೂ ರಾಜ್ಯಗಳಿಂದ, ರೈತ ಸಂಘಟನೆಗಳಿಂದ ಅಭಿಪ್ರಾಯ ಕೇಳುತ್ತದೆ. ಆ ಹೊತ್ತಿಗೆ ಗುತ್ತಿಗೆ ಸೇರಿದ್ದು, ಸೇರದ್ದು, ತನಿ, ಕೂಳೆ ಎಂದು ನಾಲ್ಕು ಕಾಲಂನ ಒಂದೇ ಹಾಳೆ ರಾಜ್ಯದ ಕೃಷಿ ಇಲಾಖೆಯ ಮತ್ತು ರೈತ ಸಂಘದ ಕೈಯಲ್ಲಿರಬೇಕು.